ಚಿಕಿತ್ಸೆಯಲ್ಲಿ ಪ್ರಮಾದ: ಹಾಸಿಗೆಯ ಎರಡೂ ಬದಿಯ ನೋವು

'ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೇ' ಎಂಬುದು ನಮ್ಮ ಹಿರಿಯರ ಮಾತು. ಕೆಲಸ ಮಾಡುವವನೇ ತಪ್ಪು ಮಾಡುತ್ತಾನೆ ಎಂಬ ಸತ್ಯವನ್ನು ಇಷ್ಟು ಸರಳವಾಗಿ ಹೇಳುವ ಈ ಗಾದೆಯನ್ನು ನಾವು ರೈತನಿಗೆ, ಬಡಗಿಗೆ, ಗುಮಾಸ್ತನಿಗೆ ಸಲೀಸಾಗಿ ಅನ್ವಯಿಸುತ್ತೇವೆ. ವೈದ್ಯರಿಗೂ ದಾದಿಯರಿಗೂ ಅನ್ವಯಿಸಲು ಮಾತ್ರ ಹಿಂಜರಿಯುತ್ತೇವೆ. ಹಿಂಜರಿಕೆಗೆ ಕಾರಣವಿಲ್ಲದಿಲ್ಲ. ಬಡಗಿಯ ಉಳಿ ಜಾರಿದರೆ ಹಲಗೆ ಹಾಳಾಗುತ್ತದೆ; ಆಸ್ಪತ್ರೆಯಲ್ಲಿ ಕೈ ತಪ್ಪಿದರೆ ಒಂದು ಮನೆಯ ದೀಪವೇ ಆರಿಹೋಗಬಹುದು. ವೈದ್ಯನನ್ನು ದೇವರ ಸಮಾನವೆಂದು ಕಾಣುವ ನಮ್ಮ ನಾಡಿನ ರೂಢಿಯಲ್ಲಿ ಗೌರವವಿದೆ ನಿಜ. ಆದರೆ ದೇವರು ತಪ್ಪು ಮಾಡಲಾರನಾದುದರಿಂದ, ದೇವರೆನಿಸಿಕೊಂಡ ಮನುಷ್ಯನು ತನ್ನ ತಪ್ಪನ್ನು ಒಪ್ಪಿಕೊಳ್ಳಲಾಗದ ಇಕ್ಕಟ್ಟಿಗೆ ಸಿಲುಕುತ್ತಾನೆ ಎಂಬುದನ್ನು ನಾವು ಯೋಚಿಸುವುದಿಲ್ಲ.

ಈ ವಿಷಯ ನಮ್ಮ ಕುಟುಂಬಗಳಿಗೆ ದೂರದ್ದಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಆರಂಭಿಸಿದ ಸೇವೆಯಿಂದ ಮೊದಲ್ಗೊಂಡು, 1886ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಂತ ಮಾರ್ತಾ ಆಸ್ಪತ್ರೆ, 1963ರಲ್ಲಿ ಸ್ಥಾಪಿತವಾದ ಸಂತ ಜಾನ್ ವೈದ್ಯಕೀಯ ಕಾಲೇಜು, ಇವುಗಳ ಮೂಲಕ ರೋಗಿಗಳ ಆರೈಕೆ ನಮ್ಮ ಸಮುದಾಯದ ಬದುಕಿನ ಭಾಗವೇ ಆಗಿದೆ. ದಾದಿಯ ಸಮವಸ್ತ್ರ ತೊಟ್ಟು ಊರಿನಲ್ಲಿಯೋ ಕೊಲ್ಲಿ ರಾಷ್ಟ್ರಗಳಲ್ಲಿಯೋ ದುಡಿಯುವ ಹೆಣ್ಣುಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ! ರೋಗಿಯಾಗಿ ಹಾಸಿಗೆಯ ಮೇಲೆ ಮಲಗುವವರು ನಮ್ಮವರು. ರಾತ್ರಿ ಪಾಳಿಯಲ್ಲಿ ಆ ಹಾಸಿಗೆಯ ಪಕ್ಕದಲ್ಲಿ ಸಿರಿಂಜ್ ಹಿಡಿದು ನಿಲ್ಲುವವರೂ ನಮ್ಮವರೇ. ಆದುದರಿಂದ ಈ ಸಮಸ್ಯೆಯನ್ನು ಎರಡೂ ಬದಿಯಿಂದ ನೋಡುವ ಹೊಣೆ ನಮಗಿದೆ.

ಎಷ್ಟು ದೊಡ್ಡ ಸಮಸ್ಯೆ?

1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಪ್ರಕಟಿಸಿದ ವರದಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಆ ಒಂದೇ ದೇಶದ ಆಸ್ಪತ್ರೆಗಳಲ್ಲಿ ತಡೆಯಬಹುದಾಗಿದ್ದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅದು ಅಂದಾಜು ಮಾಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ನೀಡಿದ ಅಂಕಿಗಳ ಪ್ರಕಾರ ಚಿಕಿತ್ಸೆ ಪಡೆಯುವ ಪ್ರತಿ 10 ಮಂದಿಯಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯ ವೇಳೆಯಲ್ಲಿಯೇ ಏನಾದರೊಂದು ಹಾನಿಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಡೆಯಬಹುದಾದದ್ದು. ಆ ತಡೆಯಬಹುದಾದ ಹಾನಿಯ ಅರ್ಧಭಾಗ ಔಷಧಗಳಿಗೆ ಸಂಬಂಧಿಸಿದ್ದು. 2019ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ರಂದು ವಿಶ್ವ ರೋಗಿ ಸುರಕ್ಷತಾ ದಿನವನ್ನು ಆಚರಿಸುತ್ತಿರುವುದು ಈ ಕಾರಣಕ್ಕಾಗಿಯೇ.

ಅಂಕಿಗಳು ಮನಸ್ಸಿಗೆ ನಾಟುವುದಿಲ್ಲ. ಆದುದರಿಂದ ನ್ಯಾಯಾಲಯದ ದಾಖಲೆಗಳ ಮೂಲಕ ಲೋಕಕ್ಕೆ ತಿಳಿದುಬಂದ ಒಂದು ಪ್ರಕರಣವನ್ನು ತುಸು ವಿವರವಾಗಿ ನೋಡೋಣ.

ನ್ಯಾಶ್‌ವಿಲ್ ನಗರದ ಘಟನೆ

ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆ ಹೆಸರಾಂತ ಸಂಸ್ಥೆ. 2017ರ ಕ್ರಿಸ್ಮಸ್ ಸಮಯದಲ್ಲಿ 75 ವರ್ಷದ ವೃದ್ಧೆಯೊಬ್ಬರು ಮೆದುಳಿನ ರಕ್ತಸ್ರಾವದಿಂದ ಅಲ್ಲಿ ದಾಖಲಾಗಿದ್ದರು. ಅವರು ಚೇತರಿಸಿಕೊಳ್ಳುತ್ತಿದ್ದರು. ಡಿಸೆಂಬರ್ 26ರಂದು ಅವರನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯಲಾಯಿತು. ಯಂತ್ರದ ಇಕ್ಕಟ್ಟಿನಲ್ಲಿ ಮಲಗಲು ಅವರಿಗೆ ಭಯ. ಭಯ ಶಮನಕ್ಕೆಂದು ವೈದ್ಯರು 'ವರ್ಸೆಡ್' ಎಂಬ ಔಷಧವನ್ನು ಬರೆದುಕೊಟ್ಟರು. ಔಷಧ ತರಲು ಹೋದ ದಾದಿ ರಡಾಂಡಾ ವಾಟ್, ಗಣಕೀಕೃತ ಔಷಧ ಕಪಾಟಿನಲ್ಲಿ ಆ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಒತ್ತಿದರು. ಕಪಾಟಿನಲ್ಲಿ ಅದು ಬೇರೊಂದು ಹೆಸರಿನಡಿ ಇದ್ದುದರಿಂದ ಸಿಗಲಿಲ್ಲ. ಆಕೆ ಯಂತ್ರದ ತಡೆಯನ್ನು ಮೀರುವ ಗುಂಡಿಯನ್ನು ಒತ್ತಿ ಮತ್ತೆ ಹುಡುಕಿದರು. ಅದೇ ಎರಡು ಅಕ್ಷರಗಳಿಂದ ಆರಂಭವಾಗುವ 'ವೆಕ್ಯುರೋನಿಯಂ' ಎಂಬ ಔಷಧ ಹೊರಬಂತು. ಅದು ದೇಹದ ಸ್ನಾಯುಗಳನ್ನೆಲ್ಲ ನಿಶ್ಚಲಗೊಳಿಸಿ ಉಸಿರಾಟವನ್ನೇ ನಿಲ್ಲಿಸುವ ಔಷಧ. ಶಸ್ತ್ರಚಿಕಿತ್ಸೆಯ ವೇಳೆ, ಕೃತಕ ಉಸಿರಾಟದ ನೆರವಿನೊಡನೆ ಮಾತ್ರ ಕೊಡತಕ್ಕದ್ದು.

ವರ್ಸೆಡ್ ದ್ರವರೂಪದ್ದು, ಇದು ನೀರು ಬೆರೆಸಿ ಕರಗಿಸಬೇಕಾದ ಪುಡಿ. ಮುಚ್ಚಳದ ಮೇಲೆಯೇ ಎಚ್ಚರಿಕೆ ಬರೆದಿತ್ತು. ಹೊಸಬರೊಬ್ಬರಿಗೆ ತರಬೇತಿ ಕೊಡುತ್ತ, ಮಾತನಾಡುತ್ತ ಇದ್ದ ದಾದಿ ಇದೊಂದನ್ನೂ ಗಮನಿಸಲಿಲ್ಲ. ಔಷಧ ಕೊಟ್ಟು ಹೊರಟುಹೋದರು. ಸುಮಾರು ಅರ್ಧ ಗಂಟೆಯ ಬಳಿಕ ವೃದ್ಧೆ ಉಸಿರಿಲ್ಲದೆ ಬಿದ್ದಿರುವುದು ಕಂಡುಬಂತು. ಮರುದಿನ ಅವರು ತೀರಿಕೊಂಡರು.

ತನ್ನಿಂದಾದ ಪ್ರಮಾದ ತಿಳಿದ ಕೂಡಲೇ ದಾದಿ ಅದನ್ನು ಮುಚ್ಚಿಡದೆ ಮೇಲಿನವರಿಗೆ ಹೇಳಿದರು. ಕೆಲವೇ ದಿನಗಳಲ್ಲಿ ಆಕೆಯನ್ನು ಕೆಲಸದಿಂದ ತೆಗೆಯಲಾಯಿತು. ಆದರೆ ಆಸ್ಪತ್ರೆ ಈ ಪ್ರಮಾದವನ್ನು ನಿಯಮದಂತೆ ಸರಕಾರಕ್ಕೆ ವರದಿ ಮಾಡಲಿಲ್ಲ. ಸಾವಿನ ಕಾರಣವನ್ನು ನಿರ್ಧರಿಸುವ ಅಧಿಕಾರಿಗೆ ಔಷಧದ ವಿಷಯ ತಿಳಿಸಲಿಲ್ಲ. ಸಹಜ ಸಾವೆಂದೇ ದಾಖಲಾಯಿತು. ಕುಟುಂಬದೊಡನೆ ನ್ಯಾಯಾಲಯದ ಹೊರಗೆ ಒಪ್ಪಂದವಾಯಿತು. 2018ರಲ್ಲಿ ಹೆಸರು ತಿಳಿಸದ ಯಾರೋ ದೂರು ಕೊಟ್ಟ ಬಳಿಕವೇ ಸಂಗತಿ ಬಯಲಾದದ್ದು. 2019ರಲ್ಲಿ ದಾದಿಯ ಬಂಧನವಾಯಿತು. 2021ರಲ್ಲಿ ವೃತ್ತಿ ಪರವಾನಗಿ ರದ್ದಾಯಿತು. 2022ರ ಮಾರ್ಚ್‌ನಲ್ಲಿ ನಿರ್ಲಕ್ಷ್ಯದಿಂದಾದ ನರಹತ್ಯೆಯ ಅಪರಾಧ ಸಾಬೀತಾಯಿತು. ಮೇ ತಿಂಗಳಲ್ಲಿ ನ್ಯಾಯಾಧೀಶರು ಜೈಲುವಾಸ ವಿಧಿಸದೆ, ಮೂರು ವರ್ಷ ಸನ್ನಡತೆಯ ನಿಗಾವಣೆಯಲ್ಲಿರುವಂತೆ ಆದೇಶಿಸಿದರು. ಆಸ್ಪತ್ರೆಯ ಆಡಳಿತದಲ್ಲಿದ್ದ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲ್ಪಡಲಿಲ್ಲ.

ಶಿಕ್ಷೆ ಪ್ರಕಟವಾದ ದಿನ ಒಂದೇ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವೆಂಬುದು ತಿಳಿದುಬಂತು. ತಾಯಿ ಕ್ಷಮಾಗುಣದವರಾಗಿದ್ದರು, ದಾದಿ ಜೈಲಿಗೆ ಹೋಗುವುದನ್ನು ಅವರು ಬಯಸುತ್ತಿರಲಿಲ್ಲ ಎಂದು ಮಗ ನ್ಯಾಯಾಲಯದಲ್ಲಿ ಹೇಳಿದರು. ಪತಿಯ ಅಪೇಕ್ಷೆ ಮಾತ್ರ ಗರಿಷ್ಠ ಶಿಕ್ಷೆಯಾಗಬೇಕೆಂಬುದಾಗಿತ್ತು. ಇವರಿಬ್ಬರಲ್ಲಿ ಯಾರನ್ನೂ ನಾವು ದೂಷಿಸಲಾರೆವು. ಕಳೆದುಕೊಂಡವರ ದುಃಖಕ್ಕೆ ಒಂದೇ ಭಾಷೆ ಇರುವುದಿಲ್ಲ.

ರೋಗಿಯ ಮನೆಯವರಿಗೆ ಬೇಕಾದುದೇನು?

ಚಿಕಿತ್ಸೆಯ ತಪ್ಪಿನಿಂದ ನೊಂದವರ ನೋವು ಸಾಮಾನ್ಯ ಸಾವಿನ ದುಃಖಕ್ಕಿಂತ ಭಿನ್ನವಾದುದು. ರೋಗದಿಂದ ಸತ್ತರೆ ವಿಧಿಯೆಂದು ಸಮಾಧಾನಪಡುತ್ತೇವೆ. ಇಲ್ಲಿ, ನಂಬಿ ಒಪ್ಪಿಸಿದ ಕೈಯಿಂದಲೇ ಹಾನಿಯಾಗಿದೆ. ಮುಂದೆ ಇನ್ನೊಬ್ಬ ವೈದ್ಯರ ಬಳಿಗೆ ಹೋಗುವಾಗಲೂ ಕಾಲು ಹಿಂದೆ ಸರಿಯುತ್ತದೆ. ರೋಗಿ ಬದುಕುಳಿದರೆ ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತಷ್ಟು ಸಾಲ, ಕೆಲಸ ಬಿಟ್ಟು ಆರೈಕೆಗೆ ನಿಲ್ಲಬೇಕಾದ ಮನೆಯ ಹೆಂಗಸು. ಇವೆಲ್ಲ ಬೆನ್ನು ಹತ್ತುತ್ತವೆ. 'ನಾನೇ ಈ ಆಸ್ಪತ್ರೆಗೆ ಕರೆತಂದೆ' ಎಂಬ ಕೊರಗು ಮನೆಯವರನ್ನು ವರ್ಷಗಟ್ಟಲೆ ಕಾಡುತ್ತದೆ.

ಇಂತಹವರು ಹಣಕ್ಕಾಗಿಯೇ ಕೋರ್ಟಿಗೆ ಹೋಗುತ್ತಾರೆಂಬ ಮಾತು ಎಲ್ಲರ ವಿಷಯದಲ್ಲಿಯೂ ನಿಜವಲ್ಲ. ನಡೆದುದೇನೆಂಬ ಸತ್ಯ, ಹೃದಯಪೂರ್ವಕವಾದ ಕ್ಷಮಾಯಾಚನೆ, ಇನ್ನೊಬ್ಬರಿಗೆ ಹೀಗಾಗದೆಂಬ ಭರವಸೆ, ಈ ಮೂರನ್ನು ಅವರು ಮೊದಲು ಬಯಸುತ್ತಾರೆ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಒಂದೂವರೆ ವರ್ಷದ ಮಗುವೊಂದು ಸುಟ್ಟಗಾಯಗಳಿಂದ ಚೇತರಿಸಿಕೊಳ್ಳುತ್ತಿದ್ದಾಗ ಇಂತಹ ಪ್ರಮಾದಗಳಿಗೆ ಬಲಿಯಾಯಿತು. ಮಗುವಿಗೆ ಬಾಯಾರಿಕೆಯಾಗಿದೆ, ಏನೋ ಸರಿಯಿಲ್ಲ ಎಂದು ತಾಯಿ ಹೇಳಿದ ಮಾತನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಆಸ್ಪತ್ರೆ ತನ್ನ ತಪ್ಪನ್ನು ಒಪ್ಪಿಕೊಂಡಿತು. ಪರಿಹಾರವಾಗಿ ಬಂದ ಹಣದ ಒಂದು ಭಾಗವನ್ನು ತಂದೆತಾಯಿಯರು ಅದೇ ಆಸ್ಪತ್ರೆಯ ರೋಗಿ ಸುರಕ್ಷತೆಯ ಕೆಲಸಕ್ಕೆ ಕೊಟ್ಟರು. ಸತ್ಯವನ್ನು ಹೇಳಿದ್ದರಿಂದಲೇ ಇದು ಸಾಧ್ಯವಾಯಿತು. ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದೀಚೆಗೆ ತಪ್ಪನ್ನು ತಾವಾಗಿಯೇ ತಿಳಿಸಿ, ಕ್ಷಮೆ ಕೇಳಿ, ಪರಿಹಾರ ಕೊಡುವ ಪದ್ಧತಿಗೆ ಬಂದವು. ಮೊಕದ್ದಮೆಗಳು ಹೆಚ್ಚಲಿಲ್ಲ, ಕಡಿಮೆಯಾದವು.

ಬಿಳಿ ಕೋಟಿನ ಒಳಗಿನ ಗಾಯ

ಇನ್ನೊಂದು ಬದಿಗೆ ಬರೋಣ. 2000ದಲ್ಲಿ ಡಾ. ಆಲ್ಬರ್ಟ್ ವೂ ಎಂಬ ಅಮೆರಿಕದ ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪುಟ್ಟ ಲೇಖನವೊಂದನ್ನು ಬರೆದರು. ತಾವು ತರಬೇತಿಯಲ್ಲಿದ್ದಾಗ ಜೊತೆಗಾರನೊಬ್ಬ ಹೃದಯದ ಇಸಿಜಿಯಲ್ಲಿದ್ದ ಅಪಾಯದ ಸೂಚನೆಯನ್ನು ಗುರುತಿಸದೆ ಹೋದುದನ್ನೂ, ಸಹೋದ್ಯೋಗಿಗಳೆಲ್ಲ ಕೂಡಿ ಅವನನ್ನು ಅಸಮರ್ಥನೆಂದು ತೀರ್ಮಾನಿಸಿಬಿಟ್ಟುದನ್ನೂ ನೆನೆದರು. ರೋಗಿ ಮೊದಲ ಬಲಿಯಾದರೆ, ತಪ್ಪು ಮಾಡಿದ ವೈದ್ಯ 'ಎರಡನೆಯ ಬಲಿ' ಎಂದು ಅವರು ಕರೆದರು. ಮುಂದೆ ನಡೆದ ಅಧ್ಯಯನಗಳು ಆ ಮಾತಿಗೆ ಪುಷ್ಟಿ ಕೊಟ್ಟಿವೆ. ನಿದ್ದೆ ಹತ್ತದಿರುವುದು, ಆ ಕ್ಷಣವೇ ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು, ಪ್ರತಿ ಚುಚ್ಚುಮದ್ದಿಗೂ ಕೈ ನಡುಗುವುದು, ನಾಚಿಕೆಯಿಂದ ಯಾರೊಡನೆಯೂ ಮಾತನಾಡದಿರುವುದು, ಕೊನೆಗೆ ವೃತ್ತಿಯನ್ನೇ ಬಿಡುವುದು, ಇವೆಲ್ಲ ಸಾಮಾನ್ಯ. ಇಂತಹ ಮನಃಸ್ಥಿತಿಯಲ್ಲಿ ದುಡಿಯುವವರಿಂದ ಮತ್ತೊಂದು ತಪ್ಪಾಗುವ ಸಂಭವವೂ ಹೆಚ್ಚು. ಹೀಗೆ ವೈದ್ಯರ ನೋವು ಸುತ್ತಿ ಬಳಸಿ ಮತ್ತೆ ರೋಗಿಯನ್ನೇ ತಲಪುತ್ತದೆ.

ಅಮೆರಿಕದ ಸಿಯಾಟಲ್ ನಗರದಲ್ಲಿ ಮಕ್ಕಳ ಆರೈಕೆಯಲ್ಲಿ ಸುಮಾರು ಕಾಲು ಶತಮಾನ ಕಳೆದಿದ್ದ ದಾದಿಯೊಬ್ಬರು 2010ರಲ್ಲಿ ಲೆಕ್ಕದ ತಪ್ಪಿನಿಂದ ಹಸುಗೂಸಿಗೆ ಹತ್ತು ಪಟ್ಟು ಔಷಧ ಕೊಟ್ಟರು, ತಾವೇ ಅದನ್ನು ಹೇಳಿದರು, ಕೆಲಸ ಕಳೆದುಕೊಂಡರು, 2011ರಲ್ಲಿ ಪ್ರಾಣವನ್ನೇ ಕಳೆದುಕೊಂಡರು. ನಮ್ಮ ದೇಶದಲ್ಲಿಯೂ ಇಂತಹ ದುರಂತ ದೂರದ್ದಲ್ಲ. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ಬಾಣಂತಿಯೊಬ್ಬರು ತೀರಿಕೊಂಡರು. ಅದು ವೈದ್ಯರ ಅತ್ಯುತ್ತಮ ಪ್ರಯತ್ನದ ನಡುವೆಯೂ ಸಂಭವಿಸಬಹುದಾದ ತೊಡಕು. ಆದರೂ ಆಸ್ಪತ್ರೆಯ ಮುಂದೆ ಪ್ರತಿಭಟನೆ ನಡೆದು, ವೈದ್ಯೆಯ ಮೇಲೆ ಕೊಲೆಯ ಮೊಕದ್ದಮೆ ದಾಖಲಾಯಿತು. ಮರುದಿನ ಆಕೆ ತಮ್ಮ ಜೀವವನ್ನು ಕೊನೆಗಾಣಿಸಿಕೊಂಡರು. ಎರಡು ಮನೆಗಳ ಮಕ್ಕಳು ತಾಯಿಯಿಲ್ಲದವರಾದರು.

'ಎರಡನೆಯ ಬಲಿ' ಎಂಬ ಮಾತನ್ನು ಒಪ್ಪದವರೂ ಇದ್ದಾರೆ. ತಪ್ಪು ಮಾಡಿದವರನ್ನೂ ಬಲಿಯೆಂದರೆ ಹೊಣೆಗಾರಿಕೆ ಎಲ್ಲಿ ಉಳಿಯಿತು ಎಂದು ನೊಂದ ಕುಟುಂಬದವರು 2019ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಶ್ನಿಸಿದರು. ಪ್ರಶ್ನೆ ನ್ಯಾಯವಾದುದು. ಮಗುವನ್ನು ಕಳೆದುಕೊಂಡ ತಾಯಿಯ ನೋವನ್ನೂ ವೈದ್ಯರ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಒಬ್ಬರ ನೋವು ದೊಡ್ಡದೆಂಬ ಕಾರಣಕ್ಕೆ ಇನ್ನೊಬ್ಬರ ನೋವು ಇಲ್ಲವಾಗುವುದೂ ಇಲ್ಲ.

ತಪ್ಪು, ಅಪರಾಧ, ವಿಷಾದ

ಇಲ್ಲಿ ತತ್ತ್ವಶಾಸ್ತ್ರದ ನೆರವು ನಮಗೆ ಬೇಕಾಗುತ್ತದೆ. ಅರಿಯದೆ ಮಾಡಿದ ಕೃತ್ಯವನ್ನು ಕುರಿತು ಅರಿಸ್ಟಾಟಲನು ಸೂಕ್ಷ್ಮವಾದ ಭೇದವೊಂದನ್ನು ತೋರಿಸಿದ್ದಾನೆ. ಅರಿಯದೆ ಮಾಡಿ, ಅರಿತ ಮೇಲೆ ನೊಂದುಕೊಳ್ಳುವವನ ಕೃತ್ಯ ಮಾತ್ರ ನಿಜವಾಗಿ ಅವನ ಇಚ್ಛೆಗೆ ವಿರುದ್ಧವಾದುದು. ನೊಂದುಕೊಳ್ಳದವನನ್ನು ಆ ಸಾಲಿಗೆ ಸೇರಿಸಲಾಗದು. ಸಂತ ತೋಮಸ್ ಅಕ್ವಿನಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿಳಿಯಲೇಬೇಕಾಗಿದ್ದುದನ್ನು ತಿಳಿಯಲು ಉದಾಸೀನ ಮಾಡಿದವನ ಅಜ್ಞಾನ ಅವನನ್ನು ದೋಷಮುಕ್ತನನ್ನಾಗಿ ಮಾಡದು ಎಂದರು. ನಮ್ಮ ಕಾಲದ ಇಂಗ್ಲಿಷ್ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಲಾರಿ ಚಾಲಕನೊಬ್ಬನ ಉದಾಹರಣೆ ಕೊಡುತ್ತಾರೆ. ಅವನ ತಪ್ಪಿಲ್ಲದೆಯೇ ಮಗುವೊಂದು ಅವನ ಚಕ್ರದಡಿ ಸಿಲುಕಿತು. ಎಲ್ಲರೂ ಅವನನ್ನು ಸಂತೈಸುತ್ತಾರೆ, ಸಂತೈಸಲೂ ಬೇಕು. ಆದರೂ ದಾರಿಹೋಕನಿಗಾಗದ ಒಂದು ವಿಶೇಷ ವಿಷಾದ ಅವನಿಗಾಗುತ್ತದೆ. ಆಗದಿದ್ದರೆ ಅವನಲ್ಲೇ ಏನೋ ಕೊರತೆಯಿದೆ ಎನ್ನಬೇಕಾಗುತ್ತದೆ.

ಈ ಭೇದಗಳನ್ನು ಆಸ್ಪತ್ರೆಗೆ ಅನ್ವಯಿಸಿದರೆ ಮೂರು ಬಗೆಯ ನಡತೆ ಕಾಣುತ್ತದೆ. ದಣಿದ ಕಣ್ಣು ಒಂದು ಅಕ್ಷರವನ್ನು ಇನ್ನೊಂದೆಂದು ಓದಿದ್ದು ಎಡವು. ಅಂತಹವರಿಗೆ ಸಾಂತ್ವನವೂ ಕೆಲಸದ ವ್ಯವಸ್ಥೆಯ ಸುಧಾರಣೆಯೂ ಬೇಕು. 'ಎಲ್ಲರೂ ಹೀಗೆಯೇ ಮಾಡುತ್ತಾರೆ' ಎಂದು ಎಚ್ಚರಿಕೆಗಳನ್ನು ದಾಟುವುದು ರೂಢಿಗತ ಅಜಾಗರೂಕತೆ. ಅಂತಹವರಿಗೆ ತಿದ್ದುಪಡಿ ಬೇಕು. ಅಪಾಯ ತಿಳಿದೂ ಲಕ್ಷಿಸದಿರುವುದು, ಮದ್ಯಪಾನ ಮಾಡಿ ಶಸ್ತ್ರಚಿಕಿತ್ಸೆಗೆ ನಿಲ್ಲುವುದು, ದಾಖಲೆ ತಿದ್ದುವುದು, ಇವು ಅಪರಾಧ, ಶಿಕ್ಷೆಯೇ ಬೇಕು. ನ್ಯಾಶ್‌ವಿಲ್‌ನ ದಾದಿ ಮೊದಲ ಎರಡರ ನಡುವೆ ಎಲ್ಲಿಯೋ ನಿಲ್ಲುತ್ತಾರೆ. ಆದರೆ ತಿಳಿದೂ ಮುಚ್ಚಿಟ್ಟುದು ಯಾವ ಬಗೆಗೆ ಸೇರುತ್ತದೆ ಎಂಬುದನ್ನು ವಾಚಕರೇ ನಿರ್ಣಯಿಸಬಹುದು.

ವ್ಯವಸ್ಥೆಯ ಹೊಣೆ

ಒಬ್ಬರನ್ನು ಶಿಕ್ಷಿಸಿದ ಮಾತ್ರಕ್ಕೆ ಮುಂದಿನ ರೋಗಿ ಸುರಕ್ಷಿತನಾಗುವುದಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್, ಸಂಸ್ಥೆಯ ರಕ್ಷಣಾ ಕ್ರಮಗಳನ್ನು ತೂತುಗಳಿರುವ ಚೀಸ್ ಹೋಳುಗಳಿಗೆ ಹೋಲಿಸಿದರು. ಒಂದು ಹೋಳಿನ ತೂತನ್ನು ಮತ್ತೊಂದು ಹೋಳು ಮುಚ್ಚುತ್ತದೆ. ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದ ದಿನ ದುರಂತ ಸಂಭವಿಸುತ್ತದೆ. 1984ರಲ್ಲಿ ನ್ಯೂಯಾರ್ಕಿನಲ್ಲಿ ಹದಿನೆಂಟು ವರ್ಷದ ಲಿಬ್ಬಿ ಜಯಾನ್ ಎಂಬ ವಿದ್ಯಾರ್ಥಿನಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಾಗ, ನಿದ್ದೆಯಿಲ್ಲದೆ ದುಡಿಯುವ ಕಿರಿಯ ವೈದ್ಯರ ಸ್ಥಿತಿ ಬೆಳಕಿಗೆ ಬಂತು. ಆ ರಾಜ್ಯ 1989ರಲ್ಲಿ ಅವರ ದುಡಿಮೆಯನ್ನು ವಾರಕ್ಕೆ 80 ಗಂಟೆಗಳಿಗೆ ಮಿತಿಗೊಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ತಪಾಸಣಾ ಪಟ್ಟಿಯೊಂದನ್ನು ರೂಪಿಸಿತು. ರೋಗಿಯ ಹೆಸರೇನು, ಯಾವ ಅಂಗ, ಯಾವ ಔಷಧ ಒಗ್ಗುವುದಿಲ್ಲ ಎಂಬಂತಹ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ ಉತ್ತರ ಪಡೆಯುವುದಷ್ಟೇ ಅದರ ಕೆಲಸ. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಒಂದು ಕಾಗದದ ಹಾಳೆ ಇಷ್ಟು ಮಾಡಬಲ್ಲದು.

ನಮ್ಮಲ್ಲಿ ಕಾನೂನು ಸುಮ್ಮನಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಶುಲ್ಕ ಪಡೆಯುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ, ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಮೊಕದ್ದಮೆ, ಅದೂ ಬೇರೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಪಡೆದ ಮೇಲೆ ಎಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಚಿಕಿತ್ಸೆ ನಡೆಸುವಾಗಿನ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಗರಿಷ್ಠ ಎರಡು ವರ್ಷಗಳ ಸೆರೆವಾಸ ಮತ್ತು ದಂಡವಿದೆ. ಆಸ್ಪತ್ರೆಗಳ ಮೇಲಿನ ದಾಂಧಲೆಯನ್ನು ತಡೆಯಲು ಕರ್ನಾಟಕ 2009ರಲ್ಲಿಯೇ ಕಾಯಿದೆ ಮಾಡಿದೆ. ಆದರೆ ಕೋರ್ಟಿನ ಕಟಕಟೆ ಮತ್ತು ಗುಂಪಿನ ಕಲ್ಲು, ಇವೆರಡರ ನಡುವೆ ಇರಬೇಕಾದ ಸರಳ ಸಂಭಾಷಣೆಯನ್ನು ಯಾವ ಕಾನೂನೂ ಹುಟ್ಟಿಸಲಾರದು.

ನಾವು ಮಾಡಬಹುದಾದುದು

ರೋಗಿಯ ಮನೆಯವರಾಗಿ ನಾವು ಕೆಲವು ರೂಢಿಗಳನ್ನು ಬೆಳೆಸಿಕೊಳ್ಳಬೇಕು. ತೆಗೆದುಕೊಳ್ಳುತ್ತಿರುವ ಔಷಧಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧಗಳು, ಇವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೊಯ್ಯಬೇಕು. ಚುಚ್ಚುಮದ್ದು ಕೊಡುವಾಗ 'ಇದು ಯಾವ ಔಷಧ, ಯಾತಕ್ಕೆ' ಎಂದು ವಿನಯದಿಂದ ಕೇಳಬೇಕು, ಕೇಳುವುದು ಅವಿಶ್ವಾಸವಲ್ಲ. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲಿಯೇ ನಿಯಮ ಮಾಡಿರುವುದರಿಂದ, ಚೀಟಿ ಓದಲಾಗದಿದ್ದರೆ ಮತ್ತೊಮ್ಮೆ ಬರೆಸಿಕೊಳ್ಳಲು ಸಂಕೋಚಪಡಬೇಕಿಲ್ಲ. ಸಂದೇಹ ಬಂದರೆ ದಾಖಲೆಗಳನ್ನು ಕೇಳಬಹುದು. ಕೇಳಿದ 72 ಗಂಟೆಗಳೊಳಗೆ ವೈದ್ಯರು ಅವನ್ನು ಒದಗಿಸಬೇಕೆಂಬುದು 2002ರ ವೃತ್ತಿ ನಿಯಮ. ಆದರೆ ದುಃಖದ ಆವೇಶದಲ್ಲಿ ಕೈಯೆತ್ತುವುದು, ಊರಿಗೆಲ್ಲ ಅಪವಾದ ಹಬ್ಬಿಸುವುದು ಸತ್ಯವನ್ನು ಇನ್ನಷ್ಟು ಆಳಕ್ಕೆ ಅಟ್ಟುತ್ತದೆ.

ದಾದಿಯರೂ ವೈದ್ಯರೂ ಇರುವ ಮನೆಗಳಿಗೆ ಇನ್ನೊಂದು ಕರ್ತವ್ಯವಿದೆ. ಪಾಳಿ ಮುಗಿಸಿ ಬಂದ ಮಗಳು ಊಟ ಬೇಡವೆಂದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರೆ ಗದರಿಸಬಾರದು; ಏನಾಯಿತೆಂದು ಕೇಳಿ, ಅವಳು ಹೇಳುವಷ್ಟು ಹೊತ್ತು ಕಿವಿಗೊಡಬೇಕು. 'ಯಾರಿಗೂ ಹೇಳಬೇಡ, ಕೆಲಸ ಹೋದೀತು' ಎಂಬ ಸಲಹೆ ಪ್ರೀತಿಯಿಂದ ಬಂದರೂ ಕೆಟ್ಟ ಸಲಹೆಯೇ. ಬೇಗ ಹೇಳಿದರೆ ಎಷ್ಟೋ ವೇಳೆ ರೋಗಿಯನ್ನು ಉಳಿಸಬಹುದು. ಆಸ್ಪತ್ರೆಗಳನ್ನು ನಡೆಸುವ ನಮ್ಮ ಸಂಸ್ಥೆಗಳು ಸತ್ಯ ಹೇಳಿದವರನ್ನು ಬೀದಿಗೆ ತಳ್ಳದೆ, ಅವರ ಜೊತೆ ಕುಳಿತು ಮಾತನಾಡಲು ತರಬೇತಾದ ಸಹೋದ್ಯೋಗಿಗಳನ್ನು ನೇಮಿಸಬೇಕು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಆಸ್ಪತ್ರೆಗಳು ಇಂತಹ ತಂಡವನ್ನು ಕಟ್ಟಿ ನಡೆಸಿವೆ.

ಪಾಪನಿವೇದನೆಯ ಕ್ರಮವನ್ನು ನಾವು ಬಾಲ್ಯದಿಂದಲೇ ಬಲ್ಲೆವು: ಮನಸ್ಸಾಕ್ಷಿಯ ಪರಿಶೀಲನೆ, ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ. ಚಿಕಿತ್ಸೆಯ ಎಡವು ಪಾಪವಲ್ಲದಿದ್ದರೂ ಗುಣವಾಗುವ ದಾರಿ ಹೆಚ್ಚುಕಡಿಮೆ ಇದೇ: ನಡೆದುದನ್ನು ಪರಿಶೀಲಿಸುವುದು, ನೊಂದುಕೊಳ್ಳುವುದು, ನೊಂದವರಿಗೆ ಹೇಳುವುದು, ಸರಿಪಡಿಸುವುದು. ಮೊದಲ ಮೂರನ್ನು ಬಿಟ್ಟು ಹಣದಿಂದಲೇ ಮುಗಿಸಹೊರಟರೆ ಗಾಯ ಒಳಗೇ ಕೀವು ತುಂಬುತ್ತದೆ. ಕ್ಷಮಿಸಬೇಕೆಂದು ನೊಂದವರ ಮೇಲೆ ಒತ್ತಾಯ ಹೇರುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸತ್ಯ ತಿಳಿಯದವರು ಕ್ಷಮಿಸುವುದಾದರೂ ಯಾರನ್ನು, ಯಾವುದಕ್ಕಾಗಿ? ಕ್ಷಮೆಯ ಬಾಗಿಲು ತೆರೆಯುವುದು ನೊಂದವರಿಗೆ ಬಿಟ್ಟ ವಿಷಯ. ಆ ಬಾಗಿಲನ್ನು ತಟ್ಟುವುದು ಮಾತ್ರ ತಪ್ಪು ಮಾಡಿದವರ ಮತ್ತು ಅವರ ಸಂಸ್ಥೆಯ ಕರ್ತವ್ಯ.